ಹುಸೇನಪ್ಪನ ಅಂಗೈ

"ಥೂ! ಇದರಾಗ ಏನೈತ್ರಿ ಸಾವ್ಕಾರ? ಒಂದು ಹಸಿರು ಬಲ್ಬ್ ಬಿಟ್ರ ಮತ್ತೇನೈತಿ?"

"ಬಾಯಿ ಬಿಗಿ ಹಿಡಿ ಹುಸೇನಪ್ಪ. ಅದು ಕರೆಂಟು ಉಳಸೋ ಡಬ್ಬಿ. ನಿನ್ನ ಹರಕು ಗೋಣಿಚೀಲ ಅಲ್ಲ."

"ಗೋಣಿಚೀಲ ಹೊಟ್ಟು ಉಳಸ್ತೈತ್ರಿ. ದುಡಿಯೋರ ಕೈ ಉಳಸ್ತೈತಿ. ಈ ಡಬ್ಬಿ ಉಳಸೋದು ಅಕ್ಕೋರ ತಮ್ಮನ ಮಾನ, ಅಷ್ಟ!"

ಬಾಯ್ಲರ್ ಮನೆಯಲ್ಲಿದ್ದ ಮೂವರು ಹೆಣ್ಣಾಳುಗಳು ಬುಟ್ಟಿ ಕೆಳಗಿಟ್ಟು ಬಾಗಿಲ ಕಡೆ ನೋಡಿದರು. ಸಾವುಕಾರ ಲಕ್ಷ್ಮಣಪ್ಪನ ಕಿವಿ ಕೆಂಪಾಯಿತು. ಗಂಗಾವತಿಯಲ್ಲಿ ಭತ್ತ ಕುದಿಸಿ ಅಕ್ಕಿ ಮಾಡುವ ಮಿಲ್ಲುಗಳಲ್ಲಿ ಲಕ್ಷ್ಮಣಪ್ಪನದು ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಆದರೆ ಅವನ ಮುಖದ ಮೇಲೆ ಥೂ ಅನ್ನುವ ಧೈರ್ಯ ಇದ್ದದ್ದು ಒಬ್ಬನಿಗೇ. ಅವನು ನವಲಿಯ ಫಿಟ್ಟರ್ ಹುಸೇನಪ್ಪ. ನಲವತ್ತೇಳು ವರ್ಷದ ಆಳು, ಊರ ಸಾಲಿಯಲ್ಲಿ ಏಳನೇ ಇಯತ್ತೆ ಮುಗಿಸಿ ಕಬ್ಬಿಣಕ್ಕೆ ಕೈ ಹಚ್ಚಿದವನು. ಹತ್ತೊಂಬತ್ತು ವರ್ಷದಿಂದ ಈ ಮಿಲ್ಲಿನ ಬಾಯ್ಲರು, ಮೋಟಾರು, ಪಟ್ಟಿ, ಗಾಲಿ ಎಲ್ಲವೂ ಅವನ ಮಾತು ಕೇಳುತ್ತಿದ್ದವು. ಸಾವುಕಾರ ಮಾತ್ರ ಕೇಳುತ್ತಿರಲಿಲ್ಲ.

ಜಗಳ ಹೊಸದಲ್ಲ. ಬಾಯ್ಲರಿನಿಂದ ಭತ್ತದ ತೊಟ್ಟಿಗಳ ತನಕ ನಲವತ್ತು ಅಡಿ ಉದ್ದದ ಉಗಿ ಪೈಪು ಹೋಗಿತ್ತು. ಬರಿಮೈ ಕಬ್ಬಿಣ. ಬಾಯ್ಲರಿಗೆ ಹಾಕಿದ ಹೊಟ್ಟಿನ ಕಾವು ಅರ್ಧ ದಾರಿಯಲ್ಲೇ ಗಾಳಿಗೆ ಹೋಗುತ್ತಿತ್ತು. ಭತ್ತ ಬೇಯುವ ಹೊತ್ತಿಗೆ ನಲವತ್ತು ಬುಟ್ಟಿ ಹೊಟ್ಟು ಬೂದಿಯಾಗುತ್ತಿತ್ತು. ಹೋದ ಬೇಸಿಗೆಯಲ್ಲಿ ಹುಸೇನಪ್ಪ ಹತ್ತು ಅಡಿ ಪೈಪಿಗೆ ಹುಲ್ಲು ಸುತ್ತಿ, ಅದರ ಮೇಲೆ ಹಳೇ ಗೋಣಿ ಕಟ್ಟಿ, ಕೆಮ್ಮಣ್ಣು ಮೆತ್ತಿದ್ದ. ಬುಟ್ಟಿ ನಲವತ್ತರಿಂದ ಮೂವತ್ತೈದಕ್ಕೆ ಇಳಿಯಿತು. ಬರೇ ಹತ್ತು ಅಡಿಗೆ ಐದು ಬುಟ್ಟಿ! ಮೇಲೆ ಕೈ ಇಟ್ಟರೆ ಆಡಿನ ಮೈಯಷ್ಟು ಬೆಚ್ಚಗೆ, ಅಷ್ಟೇ. ಎಂಟು ದಿನ ಆಗುವಷ್ಟರಲ್ಲಿ ಬೀಗರೊಬ್ಬರು ಬಂದು, "ಏನ್ ಲಕ್ಷ್ಮಣಪ್ಪಾ, ಮಿಲ್ಲಿನ ಕಾಲು ಮುರಿದೈತೇನ, ಕಟ್ಟು ಕಟ್ಟೀದಿ?" ಎಂದು ನಕ್ಕರು. ಅದೇ ಸಂಜೆ ಸಾವುಕಾರ ಆಳು ಹಚ್ಚಿ ಗೋಣಿಯನ್ನೆಲ್ಲ ಕಿತ್ತು ಹಾಕಿಸಿದ.

ಅದಾದ ಹದಿನೈದು ದಿನಕ್ಕೆ ಹುಲಗಮ್ಮನ ಮೊಳಕೈ ಆ ಪೈಪಿಗೆ ತಾಗಿತು.

ಹುಲಗಮ್ಮ ಕುಕನೂರು ಕಡೆಯ ಹೆಣ್ಣುಮಗಳು, ಕಾಲುವೆ ಸೀಮೆಗೆ ದುಡಿಯಲು ಬಂದವಳು. ತೊಟ್ಟಿಯ ತೂಬು ತೆಗೆದು ಬೆಂದ ಭತ್ತ ಎಳೆಯುವುದು ಅವಳ ಕೆಲಸ. ಒಂದು ಕಡೆ ತೊಟ್ಟಿ, ಇನ್ನೊಂದು ಕಡೆ ಪೈಪು, ನಡುವೆ ಒಂದೂವರೆ ಅಡಿ ಜಾಗ. ಬಗ್ಗಿ ಎದ್ದು ದಿನಕ್ಕೆ ನೂರು ಸಲ ಮಾಡಬೇಕು. ಕಾಲು ಜಾರಿ ಒಂದು ಸಲ ಆತುಕೊಂಡಳು. ಚರ್ಮ ಪೈಪಿಗೇ ಉಳಿಯಿತು. ಗಾಯ ಮಾದು ಈಗ ಬಾಡಿದ ಬದನೆಕಾಯಿಯ ಹಾಗೆ ಸುಕ್ಕಾಗಿತ್ತು. ಅವಳು ಅದರ ಬಗ್ಗೆ ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಹುಸೇನಪ್ಪ ಮಾತ್ರ ಆ ಕೈ ಕಂಡಾಗಲೆಲ್ಲ ಕಿತ್ತು ಹಾಕಿಸಿದ ಗೋಣಿಯನ್ನು ನೆನೆಯುತ್ತಿದ್ದ. ಅಂದಿನಿಂದ ಪೈಪಿಗೆ ಹೊದಿಕೆ ಬೇಕು ಎಂಬ ಒಂದೇ ಮಾತು ಹಿಡಿದಿದ್ದ. ಮಣ್ಣು ಗೋಣಿ ನಾಚಿಕೆಯಾದರೆ ಹೊಸಪೇಟೆ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಮಾಡಿದ ಹಾಗೆ ಗಾಜಿನ ಹತ್ತಿ ಸುತ್ತಿ ಮೇಲೆ ತಗಡು ಹೊದಿಸಿರಿ ಎಂದು ಹೇಳಿ ಹೇಳಿ ಅವನ ಬಾಯಿ ಸವೆದಿತ್ತು.

ಹೊದಿಕೆಯ ಬದಲು ಬಂದದ್ದು ಡಬ್ಬಿ. ತಂದವನು ಯಂಕೋಬ, ಸಾವುಕಾರನ ಹೆಂಡತಿಯ ತಮ್ಮ. ಮೂರು ಧಂಧೆ ಮಾಡಿ ಮೂರರಲ್ಲೂ ನೆಲಕಚ್ಚಿ, ಈಗ ಎಂಬತ್ತಮೂರನೇ ಇಸವಿಯಲ್ಲಿ ಹೊಸಪೇಟೆಯಿಂದ ಈ ಡಬ್ಬಿಗಳ ಏಜೆನ್ಸಿ ಹಿಡಿದಿದ್ದ. ಅಗಲ ಪ್ಯಾಂಟು, ಕಪ್ಪು ಚಷ್ಮ, ಮೈತುಂಬ ಅತ್ತರು. ನೆನೆಸಿದ ಭತ್ತದ ಹುಳಿ ನಾತದ ಜೊತೆ ಆ ಅತ್ತರು ಕೂಡಿದರೆ ಹುಸೇನಪ್ಪ ಮೂಗು ಮುಚ್ಚಿಕೊಂಡು ಹೊರಗೆ ನಡೆಯುತ್ತಿದ್ದ. ಡಬ್ಬಿಯನ್ನು ಕರೆಂಟಿನ ಬೋರ್ಡಿಗೆ ಹಚ್ಚಿದರೆ ಸಾಕು, ಹಸಿರು ದೀಪ ಉರಿಯುತ್ತದೆ, ಮಿಲ್ಲಿನ ಕರೆಂಟು ನಾಲ್ಕರಲ್ಲಿ ಒಂದು ಪಾಲು ಉಳಿಯುತ್ತದೆ ಎಂದು ಅವನ ಮಾತು.

ಹುಸೇನಪ್ಪ ಡಬ್ಬಿ ಹಚ್ಚಿ ನೋಡಿದ, ತೆಗೆದು ನೋಡಿದ. ಮೀಟರಿನ ಚಕ್ರ ಎಷ್ಟು ಸುತ್ತು ತಿರುಗುತ್ತದೆ ಎಂದು ಗಡಿಯಾರ ಹಿಡಿದು ಎಣಿಸಿದ. ಎರಡು ಸಲವೂ ಅಷ್ಟೇ ಸುತ್ತು.

"ಅದು ಹಂಗಲ್ಲ," ಎಂದ ಸಾವುಕಾರ. "ಮೀಟರಿಗೆ ಡಬ್ಬಿ ರೂಢಿ ಆಗಾಕ ಒಂದು ತಿಂಗಳಾದ್ರೂ ಬೇಕಂತ. ಯಂಕೋಬ ಹೇಳ್ಯಾನ."

"ಮೀಟರೇನು ಹೊಸಾ ಸೊಸೀನ್ರೀ, ರೂಢಿ ಆಗಾಕ?"

"ಹುಸೇನಪ್ಪಾ, ನಂದೊಂದು ಮಾತು ಕೇಳು. ಅಮಾಸಿ ದಿನ ಲಕ್ಷ್ಮೀ ಪೂಜಿಗೆ ಮಿಲ್ಲಿನವರೆಲ್ಲ ಬರ್ತಾರ. ವರ್ಷಾ ಒಂದು ಹೊಸಾ ಯಂತ್ರ ಇಟ್ಟು ಪೂಜಿ ಮಾಡೋದು ನಮ್ಮ ಮನೀ ಪದ್ಧತಿ. ನಮ್ಮಪ್ಪನ ಕಾಲದಿಂದ ತಪ್ಪಿಲ್ಲ. ಪೈಪಿಗೆ ಸುತ್ತಿದ್ದ ಗೋಣಿಗೆ ಕುಂಕುಮಾ ಹಚ್ಚಿ ಆರತಿ ಮಾಡ್ಲೇನು? ಹೇಳು. ಬಂದ ಮಂದಿಗೆ ಏನು ತೋರಸ್ಲಿ?"

ಹುಸೇನಪ್ಪನಿಗೆ ಆಗ ತಿಳಿಯಿತು. ಈ ಮನುಷ್ಯ ಯಂತ್ರ ಆರಿಸುತ್ತಿಲ್ಲ, ಹಾರ ಹಾಕಲು ಒಂದು ಮುಖ ಹುಡುಕುತ್ತಿದ್ದಾನೆ. ಅವನು ನೆಲಕ್ಕೆ ಉಗುಳಿ ಹೊರಗೆ ಹೋದ.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ದಿನಾ ಹೋಗುತ್ತಿತ್ತು. ಆಳುಗಳು ನೆರಳಿಗೆ ಕೂತು ರೊಟ್ಟಿ ಬಿಚ್ಚಿದರು. ಹುಸೇನಪ್ಪ ಡಬ್ಬಿಯನ್ನು ಬೋರ್ಡಿನಿಂದ ಇಳಿಸಿ, ತೊಡೆಯ ಮೇಲಿಟ್ಟುಕೊಂಡು, ನಾಲ್ಕು ತಿರುಪು ಬಿಚ್ಚಿದ. ಒಳಗೆ ಕರೀ ಡಾಂಬರು ಹೊಯ್ದು ಮುಚ್ಚಿದ್ದರು. ಉಳಿಯಿಂದ ಕೆದರಿದ. ಎರಡೇ ಎರಡು ತಂತಿ, ಎರಡೂ ಹಸಿರು ಬಲ್ಬಿಗೆ ಹೋಗಿದ್ದವು. ಅದರ ಕೆಳಗೆ ಅರ್ಧ ಇಟ್ಟಿಗೆ. ಇಟ್ಟಿಗೆಯ ಸುತ್ತ ಉಸುಕು.

ರೊಟ್ಟಿ ಹಿಡಿದುಕೊಂಡೇ ಹುಲಗಮ್ಮ ಬಗ್ಗಿ ನೋಡಿದಳು. "ಯಣ್ಣಾ, ಇಷ್ಟ ಅಂದ್ರ ನಮ್ಮೂರ ಹಳ್ಳದಾಗೂ ಉಸುಕು ಬೇಕಾದಷ್ಟು ಐತಿ. ನಾನೂ ಒಂದು ಏಜೆನ್ಸಿ ಹಿಡೀಲೇನು?"

ಹೆಣ್ಣಾಳುಗಳು ನಕ್ಕರು. ಹುಸೇನಪ್ಪ ನಗಲಿಲ್ಲ. ಡಬ್ಬಿಯನ್ನು ಹಾಗೆಯೇ ಎತ್ತಿಕೊಂಡು ಆಫೀಸಿಗೆ ಹೋಗಿ, ಸಾವುಕಾರನ ಮೇಜಿನ ಮೇಲೆ ಬೋರಲು ಹಾಕಿದ. ಉಸುಕು ಮೇಜಿನ ಮೇಲೆ ಹರಡಿ ಕೆಳಗೆ ಸುರಿಯಿತು. ಇಟ್ಟಿಗೆ ಎಲೆಅಡಿಕೆ ತಟ್ಟೆಗೆ ಬಡಿಯಿತು.

ಲಕ್ಷ್ಮಣಪ್ಪ ಉಸುಕು ನೋಡಿದ. ಅವನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಮುಖದಲ್ಲಿ ಕಾಣಲಿಲ್ಲ. ಆಮೇಲೆ ಎದ್ದು ಬಾಗಿಲು ಮುಂದಕ್ಕೆ ಹಾಕಿದ.

"ತಿರುಗಿ ತುಂಬು," ಎಂದ ಮೆಲ್ಲಗೆ.

"ಏನಂದ್ರಿ?"

"ತುಂಬಿ ಮುಚ್ಚು ಅಂದೆ. ಪೂಜಿ ಮೂರು ದಿನಕ್ಕ ಬಂದೈತಿ. ಆಕಿ ತಮ್ಮನ ಧಂಧೆ ಇದೂ ಮುಳುಗ್ತಂದ್ರ ನನ್ನ ಮನ್ಯಾಗ ಒಲಿ ಹೊತ್ತೂದಿಲ್ಲ. ನಿನಗ ಏನ್ ಗೊತ್ತು ಅದರ ತ್ರಾಸ." ಒಂದು ಎಲೆಗೆ ಸುಣ್ಣ ಸವರಿದ. "ಪೂಜಿ ದಿನ ನೀ ಡಬ್ಬಿಗೆ ಅಂಗೈ ಒತ್ತಬೇಕು. ಅಷ್ಟ ಮಾಡು. ಮರುದಿನದಿಂದ ನಿನ್ನ ಪೈಪಿಗೆ ಹೊದಿಕಿ. ಪೂರಾ ನಲವತ್ತು ಅಡಿ. ಗಾಜಿನ ಹತ್ತಿ ಅಂದಿ, ತಗಡು ಅಂದಿ, ನೀ ಅಂದಿದ್ದ ಆಗ್ಲಿ."

ಅಂಗೈ ಒತ್ತುವುದು ಅಂದರೆ ಸಣ್ಣ ಮಾತಲ್ಲ. ಆ ಸೀಮೆಯ ಮಿಲ್ಲುಗಳಲ್ಲಿ ಹೊಸ ಯಂತ್ರ ಬಂದರೆ ಏಜೆಂಟನ ಮಾತು ಯಾರೂ ಕೇಳುತ್ತಿರಲಿಲ್ಲ. ಫಿಟ್ಟರ್ ಅದನ್ನು ಓಡಿಸಿ ನೋಡಿ, ಮೈಮೇಲೆ ಕೈ ಇಟ್ಟು ಅದರ ನಡುಕ, ಕಾವು ಎಲ್ಲ ತಿಳಿದುಕೊಂಡು, ಒಪ್ಪಿದರೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಅಂಗೈಗೆ ಹಚ್ಚಿ ಅದರ ಮೇಲೆ ಮುದ್ರೆ ಒತ್ತುತ್ತಿದ್ದ. ಒಪ್ಪದಿದ್ದರೆ ಇಲ್ಲ. ಹುಸೇನಪ್ಪ ಹತ್ತೊಂಬತ್ತು ವರ್ಷದಲ್ಲಿ ಹದಿನೈದು ಯಂತ್ರಕ್ಕೆ ಒತ್ತಿದ್ದ, ನಾಲ್ಕನ್ನು ಒಲ್ಲೆನೆಂದು ಬಿಟ್ಟಿದ್ದ. ಆ ನಾಲ್ಕೂ ಕೆಟ್ಟಿದ್ದವು. ಕೊಪ್ಪಳದ ತನಕ ಮಿಲ್ಲಿನವರು "ಹುಸೇನಪ್ಪನ ಅಂಗೈ ಬಿದ್ದೈತೇನು?" ಎಂದು ಕೇಳಿ ಯಂತ್ರ ಕೊಳ್ಳುತ್ತಿದ್ದರು.

"ಆಣಿ ಮಾಡ್ರಿ," ಎಂದ ಹುಸೇನಪ್ಪ. ಅಂದ ಕೂಡಲೇ ತನ್ನ ಬಾಯಿಯ ಬಗ್ಗೆಯೇ ಅವನಿಗೆ ಹೇಸಿಗೆ ಆಯಿತು. ಮಾತು ಹೊರಗೆ ಬಿದ್ದಾಗಿತ್ತು.

ಸಾವುಕಾರ ಬಾಯ್ಲರ್ ಮನೆಗೆ ಬಂದು ಬಾಯ್ಲರಿನ ಬಾಗಿಲು ಮುಟ್ಟಿ ಆಣೆ ಮಾಡಿದ. ಸುಟ್ಟಿತೆಂದು ಬೆರಳು ಊದಿಕೊಂಡ.

ಅಮಾವಾಸ್ಯೆಯ ದಿನ ಮಿಲ್ಲಿಗೆ ಸುಣ್ಣ ಬಳಿದು, ಬಾಳೆಕಂಬ ಕಟ್ಟಿದರು. ಡಬ್ಬಿಗೆ ಚೆಂಡುಹೂವಿನ ಹಾರ ಹಾಕಿದರು. ಹಸಿರು ದೀಪ ಹೂವಿನ ನಡುವಿನಿಂದ ಬೆಕ್ಕಿನ ಕಣ್ಣಿನಂತೆ ನೋಡುತ್ತಿತ್ತು. ಆರು ಮಿಲ್ಲಿನ ಯಜಮಾನರು ಜಮಖಾನದ ಮೇಲೆ ಕೂತು ಬೆರಳಿಗೆ ಅಂಟಿದ ಲಾಡು ನೆಕ್ಕುತ್ತಿದ್ದರು. ಯಂಕೋಬ ಒಬ್ಬೊಬ್ಬರ ಪಕ್ಕಕ್ಕೂ ಹೋಗಿ ಕೂತು ಕಿವಿಯಲ್ಲಿ ಮಾತಾಡುತ್ತಿದ್ದ.

"ಅದೆಲ್ಲ ಇರ್ಲೋ ಯಂಕೋಬ," ಎಂದರು ಒಬ್ಬರು. "ಹುಸೇನಪ್ಪ ಏನಂತಾನ?"

ಎಲ್ಲರೂ ಅವನ ಕಡೆ ತಿರುಗಿದರು. ಹುಸೇನಪ್ಪ ಬೋರ್ಡಿನ ಮುಂದೆ ನಿಂತಿದ್ದ. ಹೆಣ್ಣಾಳುಗಳು ಬಾಗಿಲ ಹತ್ತಿರ ಗುಂಪಾಗಿದ್ದರು. ಹುಲಗಮ್ಮ ಸೆರಗಿನಿಂದ ಮೊಳಕೈ ಮುಚ್ಚಿಕೊಂಡು ಎಲ್ಲರ ಹಿಂದೆ ನಿಂತಿದ್ದಳು. ಅವನು ತಟ್ಟೆಯ ಕುಂಕುಮದಲ್ಲಿ ಅಂಗೈ ಅದ್ದಿದ. ತಣ್ಣಗೆ, ಜಿಡ್ಡುಜಿಡ್ಡಾಗಿ, ಕುರಿ ಕೊಯ್ದ ಕೈಯ ಹಾಗೆ ಆಯಿತು. ಡಬ್ಬಿಯ ಮೇಲೆ ಒತ್ತಿದ.

"ಛಲೋ ಐತ್ರಿ," ಎಂದ.

ಅವತ್ತೇ ನಾಲ್ಕು ಮಿಲ್ಲಿನವರು ಡಬ್ಬಿ ಬೇಕೆಂದರು.

ಎಲ್ಲರೂ ಹೋದ ಮೇಲೆ ಹುಲಗಮ್ಮ ಎಲೆ ಎತ್ತುತ್ತ ಅವನ ಹತ್ತಿರ ಬಂದಳು. "ಉಸುಕಿಗೆ ಕೈ ಒತ್ತಿದೆಲ್ಲ ಯಣ್ಣಾ."

"ನಿನ್ನ ಕೈ ಸಲುವಾಗಿ ಒತ್ತೀನಿ. ಪೈಪಿಗೆ ಹೊದಿಕಿ ಹಾಕಸ್ತಾರ. ಆಣಿ ಮಾಡ್ಯಾರ."

"ನಾ ಕೇಳಿದ್ನೇನು?"

ಹುಸೇನಪ್ಪನಿಗೆ ಸಿಟ್ಟು ನೆತ್ತಿಗೇರಿತು. "ನೀ ಯಾಕ ಕೇಳ್ತಿ? ಎರಡೂ ಕೈ ಸುಟ್ಕೊಂಡು ಕುಂತ ಮ್ಯಾಲ ಕೇಳ್ತಿಯೇನು? ಡಬ್ಬೀ ಮಾತು ಬ್ಯಾರೆ, ಅದು ಸಾವ್ಕಾರನ ಸುಳ್ಳು. ಪೈಪಿನ ಮಾತು ನಂದು. ನಾಲ್ಕು ದಿನ ಬಿಟ್ಟು ನೋಡು, ಅದಕ್ಕ ಒರಗಿ ನಿದ್ದಿ ಮಾಡಬಹುದು ನೀನು."

"ನಿದ್ದಿ ಮಾಡಿದ್ರ ಪಗಾರ ಹಿಡೀತಾರ," ಎಂದಳು ಹುಲಗಮ್ಮ. ಮೊದಲ ಸಲ ಸ್ವಲ್ಪ ನಕ್ಕಳು. "ಹಂಗಾದ್ರ ಛಲೋ ಆತು ಬಿಡು."

ಮರುದಿನ ಸಾವುಕಾರ ಅವನನ್ನು ಯಂಕೋಬನ ಜೊತೆ ಕಳಿಸಿದ. ಹೊದಿಕೆಯ ಸಾಮಾನು ಹೊಸಪೇಟೆಯಿಂದ ಬರುವಷ್ಟರಲ್ಲಿ ಕುಷ್ಟಗಿ, ಯಲಬುರ್ಗಾದಲ್ಲಿ ಎರಡು ಡಬ್ಬಿ ಹಚ್ಚಿ ಬಾ ಎಂದ. ಹುಸೇನಪ್ಪ ಬಸ್ಸಿನ ಕಿಡಕಿಗೆ ಮುಖ ಹಚ್ಚಿ ಕೂತ. ಪಕ್ಕದಲ್ಲಿ ಅತ್ತರು. ಯಂಕೋಬ ದಾರಿಯುದ್ದಕ್ಕೂ ಮಾತಾಡಿದ.

"ಫಿಟ್ಟರ್ ಮಾಂವಾ, ನೀ ನನ್ನ ಸಂಗಾಟ ಬಂದ್ರ ರಾಯಚೂರಿನ ತನಕ ಮಾರಬಹುದು ನೋಡು."

"ನನ್ನ ಮಾಂವ ಅನಬ್ಯಾಡ."

"ಯಾಕಪ್ಪಾ? ಒಂದ ಡಬ್ಬಿಯಾಗಿನ ಉಸುಕು ನಾವು ಈಗ."

ಹುಸೇನಪ್ಪ ಕೆಂಪು ಅಂಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡ.

ಯಲಬುರ್ಗಾದಲ್ಲಿ ಶೇಂಗಾ ಎಣ್ಣೆಯ ಮಿಲ್ಲು. ಅಲ್ಲಿ ಯಾರೂ ಅವನ ಮುಖ ನೋಡಲಿಲ್ಲ, ಅಂಗೈ ನೋಡಿದರು, ಸಾಕಾಯಿತು. ಕುಷ್ಟಗಿಯದು ಹಿಟ್ಟಿನ ಗಿರಣಿ. ಅದನ್ನು ಮುದಕಮ್ಮ ಎಂಬ ವಯಸ್ಸಾದ ಹೆಣ್ಣುಮಗಳು ನಡೆಸುತ್ತಿದ್ದಳು. ಅವಳ ಹುಬ್ಬು, ರೆಪ್ಪೆ, ಕೂದಲು ಎಲ್ಲ ಹಿಟ್ಟಾಗಿದ್ದವು. ಅವನಿಗೆ ಮಜ್ಜಿಗೆ ಕೊಟ್ಟು, ಮಣೆ ಹಾಕಿ, "ನನಗ ಈ ಡಬ್ಬಿಪಿಬ್ಬಿ ತಿಳಿಯೂದಿಲ್ಲಪ್ಪಾ. ಗಂಗಾವತಿ ಹುಸೇನಪ್ಪ ಬಂದಾನ ಅಂದ್ರು, ತಗೊಂಡೆ. ನಿನ್ನ ಕೈ ಬಿದ್ರ ಸಾಕು," ಎಂದಳು.

ಅವನು ಒತ್ತಿದ. ಗೋಡೆಯ ಮೇಲಿನ ಡಬ್ಬಿಯಿಂದ ಕುಂಕುಮದ ಎಣ್ಣೆ ಇಳಿದು ಹಿಟ್ಟಿನ ಮೇಲೆ ಕೆಂಪು ಗೆರೆ ಬಿತ್ತು. ಮುದಕಮ್ಮ ಅದಕ್ಕೆ ಕೈಮುಗಿದಳು. ಹುಸೇನಪ್ಪ ಹೊರಗೆ ಬಂದು ಚರಂಡಿಯಲ್ಲಿ ಮಜ್ಜಿಗೆಯನ್ನೆಲ್ಲ ಕಕ್ಕಿದ. ರಾತ್ರಿ ಉಳಿದ ಛತ್ರದಲ್ಲಿ ಸೀಮೆಎಣ್ಣೆ ಹಾಕಿ ಅಂಗೈ ಉಜ್ಜಿದ, ಇಟ್ಟಿಗೆ ಚೂರಿನಿಂದ ಉಜ್ಜಿದ. ರೇಖೆಗಳ ಒಳಗೆ ಕೆಂಪು ಹಾಗೇ ಉಳಿಯಿತು. ಆದರೂ ನಲವತ್ತು ಅಡಿ ಎಂದುಕೊಂಡ. ನಲವತ್ತು ಅಡಿ ಹೊದಿಕೆ ಬಿದ್ದಮೇಲೆ ಇದೆಲ್ಲ ಎಲ್ಲಾದರೂ ಹಾಳಾಗಿ ಹೋಗಲಿ.

ಮೂರನೇ ದಿನ ಬೆಳಗಿನ ಬಸ್ಸಿಗೆ ಗಂಗಾವತಿಗೆ ಬಂದ. ಮಿಲ್ಲಿನ ಅಂಗಳದಲ್ಲಿ ಬೆಂದ ಭತ್ತ ಹರಡಿದ್ದರು, ಹಬೆ ಏಳುತ್ತಿತ್ತು. ಗೇಟಿನಲ್ಲೇ ಅವನ ಕಾಲು ನಿಂತವು. ಬಾಯ್ಲರಿನಿಂದ ತೊಟ್ಟಿಗಳ ತನಕ ಪೈಪು ಬೆಳ್ಳಗೆ ಹೊಳೆಯುತ್ತಿತ್ತು. ಬಿಸಿಲಿಗೆ ಕಣ್ಣು ಕುಕ್ಕುವಂಥ ಹೊಳಪು. ತಗಡು! ಪೂರಾ ನಲವತ್ತು ಅಡಿ! ಸಾವುಕಾರ ಮಾತು ಉಳಿಸಿದ್ದ. ಹುಸೇನಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಇಷ್ಟು ದಿನದ ಹೊಲಸೆಲ್ಲ ತೊಳೆದು ಹೋದಂತಾಯಿತು.

ಹುಲಗಮ್ಮ ತೊಟ್ಟಿಯ ಹತ್ತಿರ ಬಗ್ಗಿದ್ದಳು. ಎಂದಿನ ಹಾಗೆ ಮೈಯನ್ನು ಪೈಪಿನಿಂದ ಓರೆ ಮಾಡಿಕೊಂಡೇ ಎಳೆಯುತ್ತಿದ್ದಳು.

"ಹುಲಗವ್ವಾ!" ಎಂದು ಅಂಗಳದ ಈ ಬದಿಯಿಂದಲೇ ಕೂಗಿದ. "ಯಾಕ ಇನ್ನೂ ಸೊಟ್ಟ ನಿಲ್ತಿ? ಆತಲ್ಲ ನೋಡು! ಒರಗಿ ನಿಲ್ಲು!"

ಅವಳು ತಲೆ ಎತ್ತಿದಳು. ಅವನನ್ನು ನೋಡಿ ನಕ್ಕಳು. "ನಿದ್ದಿ ಮಾಡ್ಲೇನು?" ಎಂದಳು. ಎಡಗೈಯನ್ನು, ಸುಡದೆ ಉಳಿದಿದ್ದ ಕೈಯನ್ನು, ಮೊಳಕೈ ತನಕ ಪೈಪಿನ ಮೇಲೆ ಇಟ್ಟು ಭಾರ ಹಾಕಿದಳು.

ಕೂಗು ಅಷ್ಟು ದೊಡ್ಡದೇನೂ ಇರಲಿಲ್ಲ. ನಾಯಿ ಒದೆಸಿಕೊಂಡಾಗ ಬರುವಂಥ ಸಣ್ಣ ಸದ್ದು.

ಹುಸೇನಪ್ಪ ಓಡಿದ. ಹೆಣ್ಣಾಳುಗಳು ಅವಳ ಕೈಯನ್ನು ತಣ್ಣೀರಿನ ಬಕೇಟಿನಲ್ಲಿ ಅದ್ದಿದ್ದರು. ಅವನು ಪೈಪಿಗೆ ಉಗುರು ಹಚ್ಚಿ ಕೆರೆದ. ಬೆಳ್ಳಿ ಬಣ್ಣ ಸುಲಿದು ಬಂತು. ಕೆಳಗೆ ಹಳೇ ಕಬ್ಬಿಣ, ಬರಿಮೈ. ಬಣ್ಣದ ಪಕ್ಕದಲ್ಲಿ ಅವಳ ಚರ್ಮದ ಒಂದು ತುಂಡು ಒಣಗಿ ಮುದುಡುತ್ತಿತ್ತು. ಹತ್ತೊಂಬತ್ತು ವರ್ಷ ಯಾವ ಯಂತ್ರವನ್ನೂ ಕೈ ಇಡದೆ ನಂಬಿದವನಲ್ಲ ಅವನು. ಇವತ್ತು ದೂರದಿಂದ ಹೊಳಪು ನೋಡಿ ಕೂಗಿದ್ದ.

ಸದ್ದು ಕೇಳಿ ಸಾವುಕಾರ ಎಲೆಅಡಿಕೆ ಜಗಿಯುತ್ತ ಬಂದ.

"ಇದೇನ್ರಿ ಇದು?" ಹುಸೇನಪ್ಪ ಸುಲಿದ ಬಣ್ಣವನ್ನು ಅವನ ಮುಂದೆ ಹಿಡಿದ.

"ಹೊದಿಕಿ. ಯಂಕೋಬ ಮೊದಲ ತಂದಿಟ್ಟಿದ್ದ ಬಣ್ಣ. ಕಾವು ಹೊರಗ ಬಿಡೂದಿಲ್ಲಂತ, ಒಳಗ ಹಿಡದಿಡ್ತೈತಂತ. ಪೂರಾ ನಲವತ್ತು ಅಡಿ ಹಚ್ಚಿಸೀನಿ, ಅಳದು ನೋಡು. ಹತ್ತಿಪಿತ್ತಿ ಸುತ್ತಿದ್ರ ಇಷ್ಟು ಛಂದ ಕಾಣ್ತಿತ್ತೇನು?" ಆಮೇಲೆ ಬಕೇಟಿನ ಕಡೆ ನೋಡಿದ. "ಆಕಿಗೆ ಮುಟ್ಟು ಅಂತ ಯಾರು ಹೇಳಿದ್ರು?"

ಬಾಯ್ಲರಿನ ಒಳಗೆ ಹೊಟ್ಟು ಗುಂಯ್ ಅಂತ ಉರಿಯುತ್ತಿತ್ತು.

ಹುಸೇನಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ತಂಗೀ, ನನಗ ಗೊತ್ತಿರಲಿಲ್ಲ. ಇಂವ..."

ಹುಲಗಮ್ಮ ಕೈಯನ್ನು ನೀರಿನಿಂದ ತೆಗೆದಳು. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ. ತೊಡೆಯ ಮೇಲೆ ಅಂಗಾತ ಬಿದ್ದಿದ್ದ ಅವನ ಅಂಗೈಯನ್ನು, ರೇಖೆಗಳಲ್ಲಿ ಉಳಿದಿದ್ದ ಕೆಂಪನ್ನು ನೋಡುತ್ತಿದ್ದಳು.

"ಸಾವ್ಕಾರ ಹೇಳಿದ್ರ ನಾ ಮುಟ್ತಿರಲಿಲ್ಲ," ಎಂದಳು. "ಆ ಯಂಕೋಬ ಹೇಳಿದ್ರೂ ಮುಟ್ತಿರಲಿಲ್ಲ. ಬಣ್ಣ ಬಳದು ಎರಡು ದಿನ ಆತು, ಎರಡು ದಿನಾನೂ ದೂರ ನಿಂತೀನಿ. ನೀ ಅಂದಿ, ಮುಟ್ಟಿದೆ."

ಎದ್ದಳು. ಗೂಟಕ್ಕೆ ಹಾಕಿದ್ದ ರೊಟ್ಟಿಯ ಗಂಟನ್ನು ಬಲಗೈಯಲ್ಲಿ ತೆಗೆದುಕೊಂಡಳು. ಸೆರಗನ್ನು ಹಲ್ಲಿನಲ್ಲಿ ಕಚ್ಚಿ, ಬೆಂದ ಕೈಯನ್ನು ಗಾಳಿಗೆ ಹಿಡಿದುಕೊಂಡು ಹೊರಟಳು.

"ಹುಲಗವ್ವಾ, ನಿಲ್ಲು. ದವಾಖಾನಿಗೆ ನಾ ಕರ್ಕೊಂಡು ಹೊಕ್ಕೀನಿ."

ಅವಳು ತಿರುಗಲಿಲ್ಲ.

"ಏ, ಭತ್ತ!" ಎಂದು ಸಾವುಕಾರ ಚೀರಿದ. "ಸುತ್ತ ಹಾಕಿ ಹೋಗು! ಭತ್ತ ತುಳೀಬ್ಯಾಡ!"

ಹರಡಿದ ಭತ್ತದ ಮೇಲೆ ಹೊರಗೆ ಓಡಾಡಿದ, ತೊಳೆಯದ ಕಾಲಿನಲ್ಲಿ ಯಾರೂ ನಡೆಯುತ್ತಿರಲಿಲ್ಲ. ಗೋಡೆಯ ಪಕ್ಕದಿಂದ ಸುತ್ತು ಹಾಕಿ ಹೋಗಬೇಕು. ಏಳು ವರ್ಷ ಹಾಗೆಯೇ ಸುತ್ತಿ ನಡೆದಿದ್ದ ಹುಲಗಮ್ಮ ಇವತ್ತು ನಡು ಅಂಗಳದಲ್ಲಿ, ಹಬೆಯಾಡುವ ಭತ್ತದ ಮೇಲೆ ನೆಟ್ಟಗೆ ನಡೆದಳು. ಗೇಟು ದಾಟಿದಳು. ಹಿಂದೆ ಅವಳ ಹೆಜ್ಜೆಗಳು ಒಂದರ ಮುಂದೊಂದು ಮೂಡಿದ್ದವು. ಅವನ್ನು ಕೆದರಿ ಸಮ ಮಾಡಲು ಯಾವ ಹೆಣ್ಣಾಳೂ ಮುಂದೆ ಬರಲಿಲ್ಲ.

ಮರುದಿನ ಅವಳು ಬರಲಿಲ್ಲ. ಅಮಾವಾಸ್ಯೆ ಮುಗಿದು ಹುಣ್ಣಿಮೆ ಬಂತು, ಆಗಲೂ ಬರಲಿಲ್ಲ. ಹುಸೇನಪ್ಪ ಕುಕನೂರಿಗೆ ಎರಡು ಸಲ ಹೋಗಿ ಕೇಳಿದ. ದುಡಿಯಲು ಇನ್ನೆಲ್ಲಿಗೋ ಹೋಗಿದ್ದಾಳೆ ಎಂದರು. ಎಲ್ಲಿಗೆ ಎಂದು ಅವನಿಗೆ ಯಾರೂ ಹೇಳಲಿಲ್ಲ.